ಹಳೆಯ ಬೇಟೆಯ ರೈಫಲ್ಲಿಗೆ ಬೆಲೆ ಕಟ್ಟುವುದು ಹೇಗೆ?

2018ರ ಮಳೆಗಾಲದಲ್ಲಿ ಮಲೆನಾಡಿನ ಕಾಫಿ ಬೆಳೆಗಾರ ಕುಟುಂಬವೊಂದರ ಪಾಲುಪಟ್ಟಿಯನ್ನು ಸಿದ್ಧಪಡಿಸುವ ಹೊಣೆ ನನ್ನ ಮೇಲೆ ಬಿದ್ದಿತ್ತು. ತಂದೆಯವರು ತೀರಿಕೊಂಡು ವರ್ಷ ಕಳೆದಿತ್ತು. ಮೂವರು ಗಂಡುಮಕ್ಕಳು, ತೋಟ, ಕಾಳುಮೆಣಸಿನ ವ್ಯಾಪಾರ, ಪೇಟೆಯಲ್ಲೊಂದು ಮಳಿಗೆ. ಇವುಗಳಿಗೆ ಬೆಲೆ ಕಟ್ಟುವುದರಲ್ಲಿ ಯಾವ ತಕರಾರೂ ಹುಟ್ಟಲಿಲ್ಲ. ತಕರಾರು ಹುಟ್ಟಿದ್ದು ಪಟ್ಟಿಯ ಕೊನೆಯ ಸಾಲಿನಲ್ಲಿ. ತಾತನವರು 1950ರ ದಶಕದಲ್ಲಿ, ಇಂಗ್ಲೆಂಡಿಗೆ ಮರಳುತ್ತಿದ್ದ ಪ್ಲಾಂಟರ್ ಒಬ್ಬರಿಂದ ಕೊಂಡಿದ್ದ .470 ಬೋರಿನ ಜೋಡುನಳಿಗೆ ರೈಫಲ್ ಅದಾಗಿತ್ತು.

ಎರಡನೆಯವರ ಮಗ ವಿದೇಶದಲ್ಲಿ ನೆಲೆಸಿದ್ದಾತ. ಲಂಡನ್ನಿನ ಹರಾಜೊಂದರಲ್ಲಿ ಇದೇ ಬೋರಿನ ರೈಫಲ್ 30,000 ಪೌಂಡುಗಳಿಗೆ ಮಾರಾಟವಾದ ವಿವರವನ್ನು ಆತ ಕಳುಹಿಸಿಕೊಟ್ಟಿದ್ದ. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು 27 ಲಕ್ಷ ರೂಪಾಯಿ. ಲಿಖಿತ ಆಧಾರವೊಂದು ದೊರಕಿತೆಂಬ ಸಮಾಧಾನದಲ್ಲಿ ನಾನೂ ಆ ಮೊತ್ತವನ್ನೇ ಪಟ್ಟಿಯಲ್ಲಿ ನಮೂದಿಸಿಬಿಟ್ಟೆ. ತೋಟದಲ್ಲೇ ಉಳಿದಿದ್ದ ಹಿರಿಯ ಮಗನಿಗೆ ತಂದೆಯ ನೆನಪಿಗಾಗಿ ರೈಫಲ್ ಬೇಕಾಗಿತ್ತು. ಅವರು ಪಟ್ಟಿಯನ್ನು ಎರಡು ಬಾರಿ ಓದಿ, "ಆಡಿಟರೇ, ಹಾಗಾದರೆ ಇದನ್ನು ಇಟ್ಟುಕೊಳ್ಳುವುದಕ್ಕೆ ತಮ್ಮಂದಿರಿಗೆ ನಾನು 18 ಲಕ್ಷ ಕೊಡಬೇಕು. ಅಂದರೆ ಒಂದು ಎಕರೆ ತೋಟ ಬಿಟ್ಟುಕೊಡಬೇಕು. ಇದು ನಿಜವಾಗಿಯೂ ಅಷ್ಟು ಬಾಳುತ್ತದೆಯೇ?" ಎಂದು ಕೇಳಿದರು.

ಪ್ರಾಮಾಣಿಕವಾದ ಉತ್ತರ ನನ್ನಲ್ಲಿರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂಬಂತೆ ನಾನು ನಡೆದುಕೊಂಡಿದ್ದೆ. ಪಟ್ಟಿಯನ್ನು ಹಿಂದಕ್ಕೆ ಪಡೆದು ಎರಡು ತಿಂಗಳ ಕಾಲಾವಕಾಶ ಕೇಳಿದೆ. ಆ ಅವಧಿಯಲ್ಲಿ ಈ ವಿಚಿತ್ರ ಸರಕಿನ ವ್ಯಾಪಾರದ ಬಗ್ಗೆ ತಿಳಿದುಕೊಂಡದ್ದು ನಮ್ಮ ಸದಸ್ಯ ಮಿತ್ರರಿಗೂ ಉಪಯುಕ್ತವಾದೀತೆಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ರೈಫಲ್ ಕೊಳ್ಳುವವರು ನಮ್ಮಲ್ಲಿ ವಿರಳ. ಆದರೆ ಹಳೆಯ ಯಂತ್ರ, ಹಳೆಯ ವಾಹನ, ಹಳೆಯ ದಾಸ್ತಾನುಗಳಿಗೆ ಬೆಲೆ ಕಟ್ಟದ ವ್ಯಾಪಾರಿ ಇಲ್ಲವೇ ಇಲ್ಲ.

ಈ ಸರಕಿನ ಸ್ವರೂಪ

ಆನೆ, ಕಾಡೆಮ್ಮೆ, ಸಿಂಹ, ಹುಲಿಗಳಂತಹ ಅಪಾಯಕಾರಿ ಪ್ರಾಣಿಗಳ ಬೇಟೆಗೆಂದೇ ಗಿರಾಕಿಯ ಅಳತೆ ಮತ್ತು ಅಪೇಕ್ಷೆಗೆ ತಕ್ಕಂತೆ ತಯಾರಾಗುತ್ತಿದ್ದ ರೈಫಲ್ಲುಗಳಿಗೆ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ನಗರಗಳು ತವರು. ಹಾಲಂಡ್ ಅಂಡ್ ಹಾಲಂಡ್, ಜಾನ್ ರಿಗ್ಬಿ, ವೆಸ್ಟ್ಲಿ ರಿಚರ್ಡ್ಸ್, ಜೆಫ್ರಿ, ಪರ್ಡಿ ಮುಂತಾದವು ಈ ಕ್ಷೇತ್ರದ ಪ್ರಸಿದ್ಧ ಹೆಸರುಗಳು. ದರ್ಜಿಯು ಕೋಟಿಗೆ ಅಳತೆ ತೆಗೆಯುವಂತೆಯೇ ಇಲ್ಲಿಯೂ ಗಿರಾಕಿಯ ತೋಳಿನ ಉದ್ದ, ಕತ್ತಿನ ಎತ್ತರ, ಬಲಗೈಯೋ ಎಡಗೈಯೋ ಎಂಬುದನ್ನು ಗುರುತುಹಾಕಿಕೊಂಡು ಮರದ ಹಿಡಿಯನ್ನು ಕಡೆಯುತ್ತಿದ್ದರು. ಭಾರತದ ಸಂಸ್ಥಾನಿಕರು, ಸೇನಾಧಿಕಾರಿಗಳು, ಅರಣ್ಯಾಧಿಕಾರಿಗಳು, ಚಹಾ ಮತ್ತು ಕಾಫಿ ತೋಟಗಳ ಮಾಲೀಕರು ಈ ತಯಾರಕರ ದೊಡ್ಡ ಗಿರಾಕಿಗಳಾಗಿದ್ದರು. ಬೇಟೆಯ ಸುತ್ತ ಬೆಳೆದಿದ್ದ ವ್ಯವಹಾರ ಎಷ್ಟು ದೊಡ್ಡದೆಂಬುದಕ್ಕೆ, ಪ್ರಾಣಿಗಳ ಚರ್ಮ ಹದಮಾಡಿ ತುಂಬುವ ಕೆಲಸದಲ್ಲಿ ಜಗತ್ಪ್ರಸಿದ್ಧವಾಗಿ 1999ರವರೆಗೂ ನಡೆದ ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆಯೇ ಸಾಕ್ಷಿ.

ಈ ರೈಫಲ್ಲುಗಳಲ್ಲಿ ಎರಡು ಮುಖ್ಯ ಬಗೆಗಳುಂಟು. ಒಂದು, ಅಕ್ಕಪಕ್ಕದಲ್ಲಿ ಎರಡು ನಳಿಗೆಗಳಿರುವ ಜೋಡುನಳಿಗೆ ರೈಫಲ್. ಎರಡನೆಯದು, ತೋಟಾಗಳನ್ನು ಮ್ಯಾಗಜೀನಿನಲ್ಲಿ ತುಂಬಿ ಕೈಯಿಂದ ಬೋಲ್ಟ್ ಎಳೆಯುವ ಬಗೆ. ಬೋಲ್ಟ್ ರೈಫಲ್ಲುಗಳಲ್ಲಿ ಬಹುಪಾಲಿನವಕ್ಕೆ ಮೂಲ, ಜರ್ಮನಿಯ ಮೌಸರ್ ಕಾರ್ಖಾನೆಯ 1898ರ ಮಾದರಿ. ಲಂಡನ್ನಿನ ತಯಾರಕರು ಜರ್ಮನಿಯಿಂದ ಯಂತ್ರಭಾಗವನ್ನು ತರಿಸಿ, ಅದಕ್ಕೆ ನಳಿಗೆ, ಮರ, ಗುರಿಕಣ್ಣುಗಳನ್ನು ಜೋಡಿಸಿ ತಮ್ಮ ಹೆಸರು ಕೆತ್ತಿ ಮಾರುತ್ತಿದ್ದರು. ಅಮೆರಿಕದಲ್ಲಿ 1923ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಗ್ರಿಫಿನ್ ಅಂಡ್ ಹೋವ್ ಮುಂತಾದ ಸಂಸ್ಥೆಗಳು, ಮೌಸರ್ ಮತ್ತು ವಿಂಚೆಸ್ಟರ್ ಯಂತ್ರಭಾಗಗಳ ಮೇಲೆ ಇದೇ ರೀತಿಯ ಕೆಲಸ ಮಾಡಿದವು.

ಇಂದು ಇಂತಹವುಗಳನ್ನು ಕೊಳ್ಳುವವರು ಎರಡು ವರ್ಗದವರು. ಕಾನೂನಿನ ಅನುಮತಿ ಇರುವ ಆಫ್ರಿಕದ ಕೆಲವು ದೇಶಗಳಲ್ಲಿ ಶುಲ್ಕ ತೆತ್ತು ಬೇಟೆಯಾಡುವವರು ಮೊದಲನೆಯವರು, ಸಂಗ್ರಾಹಕರು ಎರಡನೆಯವರು. ಲಂಡನ್ನಿನ ಪ್ರಥಮ ದರ್ಜೆಯ ಹೊಸ ಜೋಡುನಳಿಗೆ ರೈಫಲ್ಲಿಗೆ ಈಗ ಒಂದು ಲಕ್ಷ ಪೌಂಡಿಗೂ ಮೇಲ್ಪಟ್ಟ ಬೆಲೆಯಿದ್ದು, ಹಲವು ತಿಂಗಳುಗಳಿಂದ ವರ್ಷಗಳವರೆಗೆ ಕಾಯಬೇಕಾಗುತ್ತದೆ. ಆದುದರಿಂದಲೇ ಹಳೆಯವುಗಳ ಮಾರುಕಟ್ಟೆ ಬಲವಾಗಿ ನಿಂತಿದೆ.

ತೋಟಾ ಇಲ್ಲದ ಕೋವಿ

ಈ ಮಾರುಕಟ್ಟೆಯ ಮೊದಲ ಪಾಠವೆಂದರೆ, ರೈಫಲ್ಲಿನ ಬೆಲೆಯನ್ನು ಅರ್ಧಕ್ಕರ್ಧ ನಿರ್ಧರಿಸುವುದು ಅದರ ತೋಟಾ. ಇದಕ್ಕೆ ಭಾರತದ ಚರಿತ್ರೆಯೇ ಕಾರಣ ಒದಗಿಸಿದೆ. ಬ್ರಿಟಿಷ್ ಸರ್ಕಾರವು 1907ರಲ್ಲಿ ಭಾರತ ಮತ್ತು ಸೂಡಾನ್‌ಗಳಲ್ಲಿ .450 ಬೋರಿನ ರೈಫಲ್ ಮತ್ತು ತೋಟಾಗಳನ್ನು ನಿಷೇಧಿಸಿತು. ಸೇನೆಯ ಹಳೆಯ ಮಾರ್ಟಿನಿ ಹೆನ್ರಿ ಬಂದೂಕುಗಳಿಗೆ ಆ ಗುಂಡುಗಳು ಒದಗಿ ದಂಗೆಕೋರರ ಕೈಸೇರಬಹುದೆಂಬ ಭಯವೇ ಇದರ ಹಿನ್ನೆಲೆ. ಅದುವರೆಗೆ ಅತ್ಯಂತ ಜನಪ್ರಿಯವಾಗಿದ್ದ ಅಳತೆ ಒಮ್ಮೆಲೇ ಭಾರತದ ಮಾರುಕಟ್ಟೆಯಿಂದ ಹೊರಬಿದ್ದಿತು. ತಯಾರಕರೆಲ್ಲರೂ ಪರ್ಯಾಯಕ್ಕಾಗಿ ಧಾವಿಸಿದರು. ಹಾಲಂಡ್ ಸಂಸ್ಥೆಯು .465, ವೆಸ್ಟ್ಲಿ ರಿಚರ್ಡ್ಸ್ .476, ಜೆಫ್ರಿ .475ರ ತನ್ನದೇ ರೂಪ, ಹೀಗೆ ಒಬ್ಬೊಬ್ಬರು ಒಂದೊಂದು ಅಳತೆಯನ್ನು ಮುಂದಿಟ್ಟರು. ಜೋಸೆಫ್ ಲ್ಯಾಂಗ್ ಸಂಸ್ಥೆಯ .470 ಮಾತ್ರ ಯಾವೊಬ್ಬ ತಯಾರಕನ ಖಾಸಗಿ ಸ್ವತ್ತಾಗಿ ಉಳಿಯದೆ ಎಲ್ಲರಿಗೂ ಮುಕ್ತವಾಯಿತು. ಹೆಚ್ಚು ತಯಾರಕರು ಅದನ್ನೇ ಆಯ್ದುಕೊಂಡುದರಿಂದ ಅದರ ತೋಟಾ ಎಲ್ಲೆಡೆ ದೊರೆಯತೊಡಗಿತು. ಒಂದು ಶತಮಾನದ ನಂತರವೂ, ಸಮಾನ ಸ್ಥಿತಿಯ ಎರಡು ರೈಫಲ್ಲುಗಳಲ್ಲಿ .470ಕ್ಕೆ ಕೊಳ್ಳುವವರು ಬೇಗ ದೊರೆಯುತ್ತಾರೆ. ತನ್ನದೇ ವಿಶಿಷ್ಟ ಬಿಡಿಭಾಗ ಬೇಡುವ ಯಂತ್ರಕ್ಕೂ ಪೇಟೆಯಲ್ಲಿ ಎಲ್ಲರ ಬಳಿಯೂ ಬಿಡಿಭಾಗ ಸಿಗುವ ಯಂತ್ರಕ್ಕೂ ಮರುಮಾರಾಟದಲ್ಲಿ ಇರುವ ವ್ಯತ್ಯಾಸವೇ ಇದು.

ಎರಡನೆಯ ಘಟ್ಟವೂ ಗಮನಾರ್ಹ. ವಿಂಚೆಸ್ಟರ್ ಸಂಸ್ಥೆ 1956ರಲ್ಲಿ .458 ಮ್ಯಾಗ್ನಂ ತೋಟಾವನ್ನು ಹೊರತಂದಿತು. ಸಾಧಾರಣ ಬೆಲೆಯ ಬೋಲ್ಟ್ ರೈಫಲ್ಲಿನಲ್ಲಿ ಜೋಡುನಳಿಗೆಗೆ ಸರಿದೂಗುವ ಶಕ್ತಿ ಲಭ್ಯವಾಯಿತು. 1960ರ ದಶಕದ ಕೊನೆಯ ಹೊತ್ತಿಗೆ ಬ್ರಿಟನ್ನಿನ ಕೈನಾಕ್ ಹೆಸರಿನ ದೊಡ್ಡ ಬೋರಿನ ತೋಟಾಗಳ ತಯಾರಿಕೆ ನಿಲ್ಲುತ್ತ ಬಂದಿತು. ಪರಿಣಾಮವಾಗಿ ಅಪೂರ್ವ ಕುಶಲತೆಯ ಜೋಡುನಳಿಗೆಗಳು ತೋಟಾ ಇಲ್ಲದ ಕೋವಿಗಳಾಗಿ ಅಗ್ಗಕ್ಕೆ ಬಿಕರಿಯಾದವು. 1980ರ ದಶಕದ ಕೊನೆಯಿಂದ ಅಮೆರಿಕದ ಫೆಡರಲ್ ಸಂಸ್ಥೆಯ .470 ತೋಟಾ ದೊರೆಯತೊಡಗಿ, ಮುಂದಿನ ದಶಕದಲ್ಲಿ ಕೈನಾಕ್ ಹೆಸರಿನ ತೋಟಾಗಳೂ ಮರಳಿ ಬಂದ ಮೇಲೆ ಬೆಲೆಗಳು ಏರಿದವು. ಈ ನಡುವೆ ರೈಫಲ್ಲುಗಳ ಉಕ್ಕಿನಲ್ಲಾಗಲಿ ಮರದಲ್ಲಾಗಲಿ ಯಾವ ಬದಲಾವಣೆಯೂ ಆಗಿರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಹೆಸರು, ಸಂಖ್ಯೆ, ದಾಖಲೆ

ಕೊಳ್ಳುವಾತ ಮೊದಲು ನೋಡಬೇಕಾದದ್ದು ಹೆಸರನ್ನಲ್ಲ, ಮುದ್ರೆಗಳನ್ನು. ಬ್ರಿಟನ್ನಿನಲ್ಲಿ ತಯಾರಾದ ಪ್ರತಿ ನಳಿಗೆಯೂ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯದಲ್ಲಿ, ಅಂದರೆ ಪ್ರೂಫ್ ಹೌಸ್‌ನಲ್ಲಿ, ಹೆಚ್ಚಿನ ಒತ್ತಡದ ಪರೀಕ್ಷೆಗೆ ಒಳಗಾಗಿ ಮುದ್ರೆ ಪಡೆಯಬೇಕು. ಚಿನ್ನಕ್ಕೆ ಹಾಲ್‌ಮಾರ್ಕ್ ಇದ್ದಂತೆ ಇದು. ಕಪ್ಪು ಮದ್ದಿಗೆ ಮಾತ್ರ ಪರೀಕ್ಷಿತವಾದ ನಳಿಗೆಯೋ, ಹೊಗೆರಹಿತ ಮದ್ದಿನ ಅಧಿಕ ಒತ್ತಡಕ್ಕೆ ಪರೀಕ್ಷಿತವಾದುದೋ ಎಂಬುದು ಈ ಮುದ್ರೆಗಳಿಂದ ತಿಳಿಯುತ್ತದೆ. ಕೆಲವು ಅಳತೆಗಳಲ್ಲಿ ಎರಡು ಬಗೆಯ ತೋಟಾಗಳ ಹೊರ ಆಕಾರ ಒಂದೇ ಆಗಿರುವುದುಂಟು. ಉದಾಹರಣೆಗೆ ಮೂರಂಗುಲದ .500 ಎಕ್ಸ್‌ಪ್ರೆಸ್. ಕಪ್ಪು ಮದ್ದಿನ ರೈಫಲ್ಲಿಗೆ ನೈಟ್ರೊ ತೋಟಾ ಹಾಕಿದರೆ ಹಣವಷ್ಟೇ ಅಲ್ಲ, ಕೈ ಮತ್ತು ಕಣ್ಣುಗಳೂ ಹೋಗಬಹುದು. ಪರೀಕ್ಷಾ ನಿಯಮಗಳು 1904, 1925, 1954ರಲ್ಲಿ ಪರಿಷ್ಕೃತವಾದುದರಿಂದ, ಮುದ್ರೆಗಳ ಶೈಲಿಯನ್ನು ನೋಡಿ ತಜ್ಞರು ತಯಾರಿಕೆಯ ಕಾಲವನ್ನೂ ಅಂದಾಜು ಮಾಡಬಲ್ಲರು.

ಆಮೇಲೆ ಬರುವುದು ಹೆಸರು. ಇಲ್ಲೊಂದು ಎಚ್ಚರಿಕೆ ಅಗತ್ಯ. ಕಲ್ಕತ್ತೆಯ ಮ್ಯಾಂಟನ್, ರಾಡ್ಡಾ, ಲಯನ್ ಅಂಡ್ ಲಯನ್ ಮೊದಲಾದ ವ್ಯಾಪಾರ ಸಂಸ್ಥೆಗಳು ಬರ್ಮಿಂಗ್‌ಹ್ಯಾಮಿನ ಕಸಬುದಾರರಿಂದ ಸರಕು ತರಿಸಿ ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದುದು ಸಾಮಾನ್ಯ ಪದ್ಧತಿ. ಇವುಗಳಲ್ಲಿ ಉತ್ತಮ ಗುಣಮಟ್ಟದವೂ ಉಂಟು. ಆದರೆ ಸಂಗ್ರಾಹಕ ಮಾರುಕಟ್ಟೆಯಲ್ಲಿ ವ್ಯಾಪಾರಿಯ ಹೆಸರಿಗೂ ತಯಾರಕನ ಹೆಸರಿಗೂ ಹಲವು ಪಟ್ಟು ಅಂತರವಿದೆ.

ಮೂರನೆಯದು ಕ್ರಮಸಂಖ್ಯೆ. ಹೆಸರಾಂತ ತಯಾರಕರ ಬಳಿ ಹಳೆಯ ಲೆಡ್ಜರುಗಳು ಉಳಿದಿವೆ. ಯಾವ ಸಂಖ್ಯೆಯ ರೈಫಲ್ ಎಂದು ತಯಾರಾಯಿತು, ಮೂಲ ಬೋರ್ ಯಾವುದು, ಮೊದಲ ಗಿರಾಕಿ ಯಾರು ಎಂಬುದನ್ನು ಶುಲ್ಕ ಪಡೆದು ಬರವಣಿಗೆಯಲ್ಲಿ ತಿಳಿಸುತ್ತಾರೆ. ಲೆಡ್ಜರಿನಲ್ಲಿ ಒಂದು ಬೋರ್, ನಳಿಗೆಯಲ್ಲಿ ಇನ್ನೊಂದು ಬೋರ್ ಇದ್ದರೆ ನಳಿಗೆ ಬದಲಾಗಿದೆ ಅಥವಾ ಕೊರೆಯಲ್ಪಟ್ಟಿದೆ ಎಂದೇ ಅರ್ಥ. ನೂರು ವರ್ಷದ ಹಿಂದೆ ಬರೆದಿಟ್ಟ ಲೆಕ್ಕಪುಸ್ತಕವೊಂದು ಇಂದಿಗೂ ಮಾಲಿನ ಬೆಲೆ ನಿರ್ಧರಿಸುತ್ತಿದೆಯೆಂಬುದು ನನ್ನಂತಹ ಲೆಕ್ಕಿಗನಿಗೆ ಸಂತೋಷದ ಸಂಗತಿ.

ಹಿಂದಿನ ಒಡೆಯನ ಖ್ಯಾತಿಗೂ ಬೆಲೆಯುಂಟು. ಲೇಖಕ ಅರ್ನೆಸ್ಟ್ ಹೆಮಿಂಗ್ವೆ ಅವರ ಬಳಿಯಿದ್ದ ವೆಸ್ಟ್ಲಿ ರಿಚರ್ಡ್ಸ್ .577 ಜೋಡುನಳಿಗೆಯು 2011ರಲ್ಲಿ ಅಮೆರಿಕದ ಹರಾಜಿನಲ್ಲಿ ಮೂರು ಲಕ್ಷ ಡಾಲರಿಗೂ ಮಿಕ್ಕಿ ಬೆಲೆ ಪಡೆಯಿತು. ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ ಅವರಿಗೆ ಉಡುಗೊರೆಯಾಗಿ ಬಂದ .275 ರಿಗ್ಬಿ ರೈಫಲ್ಲಿನ ಹಿಡಿಯ ಮೇಲೆ ಆ ವಿವರವನ್ನು ಕೆತ್ತಿದ ಬೆಳ್ಳಿಯ ತಗಡಿದೆ. ಅದನ್ನು ತಯಾರಕ ಸಂಸ್ಥೆಯೇ ಮರಳಿ ಕೊಂಡು 2016ರಲ್ಲಿ ಭಾರತಕ್ಕೆ ತಂದು ಪ್ರದರ್ಶಿಸಿತು. ಆದರೆ "ಇದು ಮಹಾರಾಜರ ಕೋವಿ" ಎಂಬ ಬಾಯಿಮಾತಿಗೆ ಬೆಲೆಯಿಲ್ಲ. ಲೆಡ್ಜರಿನ ನಮೂದು, ರಸೀದಿ, ಹಳೆಯ ಪರವಾನಗಿ, ಛಾಯಾಚಿತ್ರ ಇವುಗಳ ಸರಪಳಿ ಎಲ್ಲಿಯೂ ತುಂಡಾಗಿರಬಾರದು. ವೋಚರ್ ಇಲ್ಲದ ಖರ್ಚನ್ನು ನಾವು ಒಪ್ಪುತ್ತೇವೆಯೇ?

ಕೊಳ್ಳುವ ಮುನ್ನ ನಡೆಸಬೇಕಾದ ಪರೀಕ್ಷೆ

ಕಾಗದಪತ್ರ ಸರಿಯಿದ್ದರೂ ವಸ್ತುವನ್ನು ಕಣ್ಣಾರೆ ನೋಡದೆ ಬೆಲೆ ಹೇಳಬಾರದು. ಅನುಭವಿ ಕೋವಿ ಕಸಬುದಾರರು ಗಮನಿಸುವ ಮುಖ್ಯಾಂಶಗಳು ಹೀಗಿವೆ.

ನಳಿಗೆಯ ಒಳಮೈ: ಹಿಂದಿನ ತೋಟಾಗಳ ಕಿಡಿಮದ್ದು ಉಪ್ಪಿನಂತಹ ಅವಶೇಷವನ್ನು ಬಿಡುತ್ತಿತ್ತು. ಬಳಸಿದ ದಿನವೇ ತೊಳೆಯದಿದ್ದರೆ, ಅದರಲ್ಲೂ ನಮ್ಮ ಮಲೆನಾಡಿನ ತೇವದಲ್ಲಿ, ಒಳಮೈ ತುಕ್ಕು ಹಿಡಿದು ಕುಳಿ ಬೀಳುತ್ತದೆ. ಹೊರಗೆ ಕನ್ನಡಿಯಂತಿರುವ ರೈಫಲ್ ಒಳಗೆ ಹಾಳಾಗಿರಬಹುದು.

ಕೂಡುವಿಕೆ: ಜೋಡುನಳಿಗೆಯನ್ನು ಮುಚ್ಚಿದಾಗ ನಳಿಗೆಯ ಹಿಂತುದಿ ಯಂತ್ರಭಾಗದ ಮುಖಕ್ಕೆ ಬಿಗಿಯಾಗಿ ಕೂಡಬೇಕು. ಅಲುಗಾಟ ಅಥವಾ ಬೆಳಕಿನ ಸಂದು ಕಂಡರೆ ಸವೆತವಿದೆಯೆಂದು ಅರ್ಥ. ಇದು ದುರಸ್ತಿಯಾಗುವ ದೋಷ. ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಎರಡು ನಳಿಗೆಗಳ ಹೊಂದಾಣಿಕೆ: ಎರಡೂ ನಳಿಗೆಗಳ ಗುಂಡು ನಿಗದಿತ ದೂರದಲ್ಲಿ ಒಂದೇ ಕಡೆ ಬೀಳುವಂತೆ ತಯಾರಕರು ಗುಂಡು ಹಾರಿಸಿ ನೋಡುತ್ತ, ನಳಿಗೆಗಳನ್ನು ಕೈಯಿಂದ ಹೊಂದಿಸಿ ಬೆಸೆಯುತ್ತಾರೆ. ನಿರ್ದಿಷ್ಟ ತೂಕದ ಗುಂಡು ಮತ್ತು ಮದ್ದಿಗೆ ಮಾತ್ರ ಈ ಹೊಂದಾಣಿಕೆ ಸಿದ್ಧಿಸುತ್ತದೆ. .470ರಲ್ಲಿ ಅದು ಸಾಮಾನ್ಯವಾಗಿ 500 ಗ್ರೇನ್ ತೂಕದ ಗುಂಡು. ಹೊಂದಾಣಿಕೆ ತಪ್ಪಿದ್ದರೆ ಮರಳಿ ಸರಿಪಡಿಸುವುದು ಬಹು ದುಬಾರಿ. ಆದುದರಿಂದ ಗುಂಡು ಹಾರಿಸಿದ ಗುರಿಹಾಳೆಯನ್ನು ಕೇಳಿ ಪಡೆಯಬೇಕು.

ಮರ: ದೊಡ್ಡ ಬೋರಿನ ಹಿನ್ನೂಕಿಗೆ ಹಿಡಿಯ ಕೊರಳಿನಲ್ಲಿ ಮತ್ತು ಉಕ್ಕು ಕೂಡುವಲ್ಲಿ ಸೀಳು ಬೀಳುತ್ತದೆ. ಎಣ್ಣೆ ಮತ್ತು ಹೊಳಪಿನಡಿಯಲ್ಲಿ ಅದನ್ನು ಮುಚ್ಚಿರುವುದುಂಟು.

ಮೂಲ ಮೆರುಗು: ಹೊಸದಾಗಿ ಬಣ್ಣವೇರಿಸಿ, ಕೆತ್ತನೆಯನ್ನು ಮತ್ತೆ ಕೆತ್ತಿ, ಮರವನ್ನು ಉಜ್ಜಿದ ರೈಫಲ್ ನೋಡಲು ಚೆಂದ. ಆದರೆ ಸಂಗ್ರಾಹಕನು ಸವೆದ ಮೂಲ ಮೆರುಗಿಗೇ ಹೆಚ್ಚು ಕೊಡುತ್ತಾನೆ. ದೂರದರ್ಶಕ ಕೂರಿಸಲು ಹೊಸದಾಗಿ ಕೊರೆದ ಎರಡು ತೂತುಗಳು ಬೆಲೆಯನ್ನು ಕುಗ್ಗಿಸಿದ ಪ್ರಸಂಗಗಳು ಸಾಕಷ್ಟಿವೆ. ಚೀಟಿ ಅಂಟಿಸಿದ ಮೂಲ ಚರ್ಮದ ಪೆಟ್ಟಿಗೆ, ಉಪಕರಣಗಳು ಇದ್ದರೆ ಬೆಲೆ ಏರುತ್ತದೆ.

ಮಾಡಿಸಿದ ಖರ್ಚು ಮತ್ತು ದೊರೆಯುವ ಬೆಲೆ

ಒಬ್ಬ ಗಿರಾಕಿಗಾಗಿಯೇ ತಯಾರಾದ ವಸ್ತುವಿನ ದೊಡ್ಡ ತೊಡಕೆಂದರೆ, ಅದು ಇನ್ನೊಬ್ಬನಿಗೆ ಹೊಂದುವುದಿಲ್ಲ. ಆರಡಿ ಮೂರಂಗುಲ ಎತ್ತರದ ಎಡಗೈಯವನಿಗಾಗಿ ಕಡೆದ ಹಿಡಿಯನ್ನು ಸಾಮಾನ್ಯನೊಬ್ಬ ಕೊಂಡರೆ ಮೊದಲು ಆ ಹಿಡಿಯನ್ನೇ ಬದಲಿಸಬೇಕಾಗುತ್ತದೆ. ಅಮೆರಿಕದಲ್ಲಿ ಕಾರ್ಖಾನೆಯ ರೈಫಲ್ ಕೊಂಡು ಅದಕ್ಕೆ ಹೊಸ ನಳಿಗೆ, ಉತ್ಕೃಷ್ಟ ಅಕ್ರೋಟಿನ ಮರ, ಕೆತ್ತನೆಗಳನ್ನು ಮಾಡಿಸುವ ಪದ್ಧತಿ ಹೆಚ್ಚು. ಪ್ರಖ್ಯಾತ ಕುಶಲಿಯ ಸಹಿ ಇಲ್ಲದಿದ್ದರೆ, ಮಾರುವಾಗ ಆ ಖರ್ಚಿನ ಬಹುಪಾಲು ಮರಳಿ ಬರುವುದಿಲ್ಲ. ಕೆಲವೊಮ್ಮೆ ಹಾನಿಯೇ ಆಗುತ್ತದೆ. ವಿಂಚೆಸ್ಟರ್ ಸಂಸ್ಥೆಯು 1936ರಲ್ಲಿ ಮಾರುಕಟ್ಟೆಗೆ ತಂದ ಮಾಡೆಲ್ 70 ರೈಫಲ್ಲಿನ ತಯಾರಿಕಾ ಕ್ರಮವನ್ನು ವೆಚ್ಚ ತಗ್ಗಿಸುವ ಸಲುವಾಗಿ 1964ರಲ್ಲಿ ಬದಲಿಸಿತು. ತೋಟಾದ ಹಿಂತುದಿಯನ್ನು ಗಟ್ಟಿಯಾಗಿ ಹಿಡಿದು ನಳಿಗೆಗೆ ಒಯ್ಯುವ ಮೌಸರ್ ಮಾದರಿಯ ಕೊಕ್ಕೆಯನ್ನು ಆಗ ಕೈಬಿಟ್ಟಿತು. ಅಂದಿನಿಂದ 1964ಕ್ಕೆ ಹಿಂದಿನವುಗಳಿಗೆ ಬೇಡಿಕೆ ಏರಿತು. ಅಂತಹ .375 ರೈಫಲ್ಲೊಂದನ್ನು ಕೈತಾಕದೆ ಉಳಿಸಿಕೊಂಡವನಿಗೆ ಲಾಭ; ಸಾವಿರಾರು ಡಾಲರ್ ಖರ್ಚು ಮಾಡಿ ಬೇರೆ ಅಳತೆಗೆ ಕೊರೆಸಿದವನಿಗೆ ನಷ್ಟ.

ದುಡ್ಡು ಹಾಕಿದ್ದೇವೆ ಎಂದ ಮಾತ್ರಕ್ಕೆ ಮೌಲ್ಯ ಬೆಳೆಯುವುದಿಲ್ಲ. ನಮ್ಮ ಲೆಕ್ಕಶಾಸ್ತ್ರವು ದಾಸ್ತಾನನ್ನು ಅಸಲು ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ಕೈಗೆ ಬರುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕೆಂದು ವಿಧಿಸಿರುವುದು ಈ ಕಾರಣದಿಂದಲೇ.

ಹರಾಜಿನ ಬೆಲೆಯ ಒಳಲೆಕ್ಕ

ಇನ್ನು ಹರಾಜಿನ ಪಟ್ಟಿಯಲ್ಲಿ ಕಾಣುವ ಅಂಕಿಯ ವಿಚಾರ. ಒಂದು ಉದಾಹರಣೆ ನೋಡೋಣ. ಸುತ್ತಿಗೆ ಬಿದ್ದ ಬೆಲೆ 20,000 ಪೌಂಡ್ ಎಂದಿಟ್ಟುಕೊಳ್ಳಿ. ಕೊಳ್ಳುವಾತನಿಗೆ ಶೇಕಡಾ 25ರ ಹರಾಜು ಶುಲ್ಕ ಹಾಕಿದರೆ 5,000. ಆ ಶುಲ್ಕದ ಮೇಲೆ ಬ್ರಿಟನ್ನಿನ ಶೇಕಡಾ 20ರ ಮೌಲ್ಯವರ್ಧಿತ ತೆರಿಗೆ 1,000. ಒಟ್ಟು ಆತ ತೆರುವುದು 26,000. ಮಾರುವಾತನಿಂದ ಶೇಕಡಾ 15ರ ಕಮಿಷನ್ 3,000 ಮತ್ತು ಅದರ ಮೇಲಿನ ತೆರಿಗೆ 600 ಮುರಿದುಕೊಂಡರೆ ಆತನ ಕೈಗೆ ಬರುವುದು 16,400. ಒಂದೇ ವಸ್ತು, ಒಂದೇ ದಿನ, ಒಂದೇ ವ್ಯವಹಾರ. ಆದರೂ ಕೊಟ್ಟವನಿಗೂ ಪಡೆದವನಿಗೂ ನಡುವೆ 9,600 ಪೌಂಡುಗಳ ಅಂತರ. ಕೊಂಡವನು ತೆತ್ತ ಪ್ರತಿ 100ಕ್ಕೆ ಮಾರಿದವನಿಗೆ ಮುಟ್ಟಿದ್ದು 63 ಮಾತ್ರ. ಛಾಯಾಚಿತ್ರ, ವಿಮೆ, ಸಾಗಣೆಗಳ ಖರ್ಚು ಬೇರೆ. ಶುಲ್ಕದ ದರ ಹರಾಜು ಸಂಸ್ಥೆಯಿಂದ ಸಂಸ್ಥೆಗೆ ಬದಲಾದರೂ ಲೆಕ್ಕದ ಕ್ರಮ ಇದೇ.

ಪ್ರಕಟವಾಗುವ ಬೆಲೆಯಲ್ಲಿ ಸಾಮಾನ್ಯವಾಗಿ ಕೊಳ್ಳುವವನ ಶುಲ್ಕ ಸೇರಿರುತ್ತದೆ. ಮಾರಾಟವಾಗದೆ ಉಳಿದ ಸರಕಿನ ಮಾತು ಪ್ರಚಾರಕ್ಕೆ ಬರುವುದಿಲ್ಲ. ವಿಮೆಗೆ ಬರೆಸುವ ಬೆಲೆ, ಅಂಗಡಿಯಲ್ಲಿ ಕೇಳುವ ಬೆಲೆ, ಹರಾಜಿನಲ್ಲಿ ಬರುವ ಬೆಲೆ, ವ್ಯಾಪಾರಿ ನಗದು ಕೊಟ್ಟು ಕೊಳ್ಳುವ ಬೆಲೆ ಇವು ನಾಲ್ಕು ಬೇರೆ ಬೇರೆ ಅಂಕಿಗಳು. "ಇದರ ಬೆಲೆಯೆಷ್ಟು?" ಎಂದು ಕೇಳಿದವರಿಗೆ, "ಯಾವ ಉದ್ದೇಶಕ್ಕೆ?" ಎಂದು ಮರುಪ್ರಶ್ನೆ ಹಾಕುವುದು ಬೆಲೆ ಕಟ್ಟುವವನ ಮೊದಲ ಕರ್ತವ್ಯ.

ನಮ್ಮ ದೇಶದ ಕಾನೂನು

ಮಲೆನಾಡಿನ ಆ ರೈಫಲ್ಲಿನ ವಿಷಯದಲ್ಲಿ ನಾನು ಮಾಡಿದ್ದ ಮೂಲ ತಪ್ಪು ಇಲ್ಲಿತ್ತು. ಲಂಡನ್ನಿನ ಬೆಲೆ ಲಂಡನ್ನಿನಲ್ಲಿರುವ ವಸ್ತುವಿಗೆ ಸಲ್ಲುತ್ತದೆ. ಭಾರತದಲ್ಲಿರುವ ವಸ್ತು ಅಲ್ಲಿಗೆ ಹೋಗುವ ದಾರಿಯುಂಟೇ ಎಂದು ನಾನು ಕೇಳಿಕೊಂಡಿರಲಿಲ್ಲ.

1972ರ ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತು ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳು ಪುರಾತನ ವಸ್ತುಗಳ ವ್ಯಾಖ್ಯೆಯೊಳಗೆ ಬರುತ್ತವೆ. ಅವನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಯುಳ್ಳವನು ಇನ್ನೊಬ್ಬ ಪರವಾನಗಿದಾರನಿಗೆ ಮಾತ್ರ ಮಾರಬಹುದು. ಮಾರುವ ಉದ್ದೇಶವನ್ನು ಜಿಲ್ಲಾ ದಂಡಾಧಿಕಾರಿಗೆ ಅಥವಾ ಸಮೀಪದ ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಳೆದಿರಬೇಕು. ಪರವಾನಗಿದಾರ ತೀರಿಕೊಂಡರೆ ಉತ್ತರಾಧಿಕಾರಿಗಳು ವಿಳಂಬವಿಲ್ಲದೆ ಆಯುಧವನ್ನು ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಒಪ್ಪಿಸಬೇಕು. 2019ರ ತಿದ್ದುಪಡಿಯು ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪಿತ್ರಾರ್ಜಿತವಾಗಿ ಬಂದವೂ ಈ ಮಿತಿಯೊಳಗೇ ಇರಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಲ್ಪಟ್ಟಿದೆಯಾದರೂ ಅದನ್ನು ನೆರೆಜಿಲ್ಲೆಯವರು ತಮ್ಮದೆಂದು ಭಾವಿಸುವಂತಿಲ್ಲ. ಇವೆಲ್ಲಕ್ಕೂ ಮಿಗಿಲಾಗಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಈ ರೈಫಲ್ಲುಗಳು ಯಾವ ಕೆಲಸಕ್ಕಾಗಿ ಹುಟ್ಟಿದವೋ ಆ ಕೆಲಸವೇ ನಮ್ಮ ದೇಶದಲ್ಲಿ ಉಳಿದಿಲ್ಲ. ಉಳಿಯಬೇಕೆಂದು ಹಂಬಲಿಸುವುದೂ ಸಲ್ಲದು.

ಕಂಪನಿಗಳ ಲೆಕ್ಕಪತ್ರಗಳಿಗಾಗಿ 2015ರಲ್ಲಿ ಅಧಿಸೂಚಿತವಾದ ಭಾರತೀಯ ಲೆಕ್ಕಪತ್ರ ಮಾನಕ 113 ನ್ಯಾಯೋಚಿತ ಮೌಲ್ಯವನ್ನು ವಿವರಿಸುತ್ತದೆ. ಬೆಲೆ ಕಟ್ಟುವ ದಿನದಂದು, ಮಾರುಕಟ್ಟೆಯ ಭಾಗಿಗಳ ನಡುವಿನ ಕ್ರಮಬದ್ಧ ವ್ಯವಹಾರದಲ್ಲಿ ಸ್ವತ್ತನ್ನು ಮಾರಿದರೆ ದೊರೆಯುವ ಬೆಲೆಯೇ ನ್ಯಾಯೋಚಿತ ಮೌಲ್ಯ. ಆ ಮಾರುಕಟ್ಟೆಗೆ ಸ್ವತ್ತಿನ ಒಡೆಯನಿಗೆ ಪ್ರವೇಶವಿರಬೇಕು. ಕುಟುಂಬದ ಪಾಲುಪಟ್ಟಿಗೆ ಈ ಮಾನಕ ಅನ್ವಯಿಸದಿದ್ದರೂ ಅದರ ಹಿಂದಿನ ವಿವೇಕ ಎಲ್ಲರಿಗೂ ಅನ್ವಯಿಸುತ್ತದೆ. ತಲುಪಲಾಗದ ಪೇಟೆಯ ಬೆಲೆ ನಮ್ಮ ಬೆಲೆಯಲ್ಲ.

ಪಾಲುಪಟ್ಟಿಯ ಮುಕ್ತಾಯ

ತಂದೆಯವರು ತೀರಿಕೊಂಡಾಗಿನಿಂದ ರೈಫಲ್ ಪರವಾನಗಿ ಪಡೆದ ವ್ಯಾಪಾರಿಯೊಬ್ಬರ ಕಪಾಟಿನಲ್ಲಿತ್ತು. ಅಲ್ಲಿಯೇ ಅನುಭವಿ ಕಸಬುದಾರರಿಂದ ಅದನ್ನು ಪರೀಕ್ಷೆ ಮಾಡಿಸಿದೆವು. ಕೆತ್ತಿದ್ದ ಹೆಸರು ಕಲ್ಕತ್ತೆಯ ವ್ಯಾಪಾರಿಯದು, ಲಂಡನ್ನಿನ ತಯಾರಕನದಲ್ಲ. ಮುದ್ರೆಗಳು ಬರ್ಮಿಂಗ್‌ಹ್ಯಾಮಿನವು, 1925ಕ್ಕೆ ಹಿಂದಿನವು. ಬಲನಳಿಗೆಯ ಒಳಗೆ ಅರ್ಧದವರೆಗೆ ತುಕ್ಕಿನ ಕುಳಿಗಳು. ಹಿಡಿಯ ಕೊರಳಿನಲ್ಲಿ ಹಿತ್ತಾಳೆಯ ಮೊಳೆ ಹೊಡೆದು ಮುಚ್ಚಿದ್ದ ಹಳೆಯ ಸೀಳು. ಹರಾಜಿನಲ್ಲಿ ಮಾರಿದ್ದಾದರೋ ಹೆಸರಾಂತ ತಯಾರಕರ, ಪೆಟ್ಟಿಗೆ ಸಹಿತವಾದ, ಕೈತಾಕದ ರೈಫಲ್. ಬೋರಿನ ಸಂಖ್ಯೆಯೊಂದನ್ನು ಬಿಟ್ಟರೆ ಎರಡಕ್ಕೂ ಹೋಲಿಕೆಯೇ ಇರಲಿಲ್ಲ.

ಬಳಿಕ ಬೇರೆ ಬೇರೆ ಊರುಗಳ ಮೂವರು ಪರವಾನಗಿದಾರ ವ್ಯಾಪಾರಿಗಳಿಗೆ ಬರೆದು, ತಾವು ಕೊಳ್ಳುವುದಾದರೆ ಕೊಡುವ ಬೆಲೆಯನ್ನು ಕೇಳಿದೆವು. ಒಬ್ಬರು ಬೇಡವೆಂದರು. ಉಳಿದಿಬ್ಬರ ಉತ್ತರಗಳ ಆಧಾರದಿಂದ 2,40,000 ರೂಪಾಯಿ ಎಂದು ನಿಗದಿಯಾಯಿತು. ವಿದೇಶದಲ್ಲಿದ್ದ ಯುವಕನಿಗೆ ಇದು ಸಮಾಧಾನ ತರಲಿಲ್ಲ. "ದೊಡ್ಡಪ್ಪನಿಗೆ ಅನುಕೂಲವಾಗುವಂತೆ ಬೆಲೆ ಇಳಿದಿದೆ" ಎಂದು ದೂರವಾಣಿಯಲ್ಲಿ ನೇರವಾಗಿಯೇ ಆಡಿದ. ನಾನು ಕೋಪಿಸಿಕೊಳ್ಳಲಿಲ್ಲ, ಮೊದಲ ಪಟ್ಟಿ ನನ್ನದೇ ಆಗಿತ್ತಲ್ಲವೇ? "ಮಗು, ಇದೇ ಬೆಲೆಗೆ ನಿಮ್ಮ ತಂದೆಯವರೇ ಇಟ್ಟುಕೊಳ್ಳಲಿ. ನೀನು ಹೇಳಿದ ಬೆಲೆಗೆ ಕೊಳ್ಳುವ ಪರವಾನಗಿದಾರನನ್ನು ಭಾರತದೊಳಗೆ ಹುಡುಕಿಕೊಟ್ಟರೆ ಪಟ್ಟಿಯನ್ನು ಮತ್ತೆ ತಿದ್ದುತ್ತೇನೆ" ಎಂದೆ. ಹದಿನೈದು ದಿನಗಳ ನಂತರ ಒಪ್ಪಿಗೆ ಬಂದಿತು. ಹಿರಿಯರು ತಮ್ಮಂದಿರಿಬ್ಬರಿಗೂ ತಲಾ 80,000 ರೂಪಾಯಿಗಳ ಚೆಕ್ ಕೊಟ್ಟರು. ತೋಟದ ಎಕರೆ ತೋಟದಲ್ಲೇ ಉಳಿಯಿತು. ಉತ್ತರಾಧಿಕಾರದ ಪರವಾನಗಿ ದೊರೆತ ಮೇಲೆ ರೈಫಲ್ ಮನೆಗೆ ಬಂದಿತು. ಅದಕ್ಕೆ ತೋಟಾ ಇಲ್ಲ; ಬೇಕೆಂದು ಅವರೂ ಕೇಳಲಿಲ್ಲ.

ವ್ಯಾಪಾರಿ ಮಿತ್ರರಲ್ಲಿ ನನ್ನ ಸೂಚನೆಗಳು ಇಷ್ಟೆ. ಹಳೆಯ ವಸ್ತುವಿಗೆ ಬೆಲೆ ಕಟ್ಟುವಾಗ ಯಾವ ಉದ್ದೇಶಕ್ಕೆ ಎಂಬುದನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಹೋಲಿಕೆಗೆ ತೆಗೆದುಕೊಂಡ ವಸ್ತು ನಿಜವಾಗಿಯೂ ಸಮಾನವೇ ಎಂಬುದನ್ನು ಪರೀಕ್ಷಿಸಿರಿ. ಅದನ್ನು ನಡೆಸಲು ಬೇಕಾದ ಬಿಡಿಭಾಗ, ತೋಟಾ ಅಥವಾ ಪರವಾನಗಿ ದೊರೆಯುವುದೇ ನೋಡಿರಿ. ಮಾರಾಟದ ಖರ್ಚನ್ನು ಕಳೆಯಿರಿ. ಕಾನೂನು ತೆರೆದಿಟ್ಟ ಮಾರುಕಟ್ಟೆಯಲ್ಲಿ, ಹಣ ಕೊಡಲು ಸಿದ್ಧನಿರುವ ಗಿರಾಕಿಯ ಬರವಣಿಗೆಯನ್ನು ಪಡೆಯಿರಿ. ಮನೆಯಲ್ಲಿ ಹಿರಿಯರ ಕಾಲದ ಬಂದೂಕು ಇರುವವರು ಅದರ ರಸೀದಿ, ಹಳೆಯ ಪರವಾನಗಿ, ಕ್ರಮಸಂಖ್ಯೆಗಳನ್ನು ಒಂದು ಕಡತದಲ್ಲಿಟ್ಟು, ಯಾರಿಗೆ ಸೇರಬೇಕೆಂಬುದನ್ನು ಉಯಿಲಿನಲ್ಲಿ ನಮೂದಿಸಿರಿ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ಆನೆಗೆ ಸಲ್ಲಬಹುದು. ಆನೆಯನ್ನು ಕೊಲ್ಲಲೆಂದು ಮಾಡಿದ ಕೋವಿಗೆ ಸಲ್ಲದು.